ಅಂತರ ಮತ್ತು ಅಂತಃಕರಣ: ಪುಣೆಯ ಪ್ಲೇಗು ಕಲಿಸಿದ ಪಾಠ



2020ರ ಮಾರ್ಚ್ ತಿಂಗಳಲ್ಲಿ 'ಸಾಮಾಜಿಕ ಅಂತರ' ಎಂಬ ಮಾತು ನಮ್ಮ ಮನೆಮನೆಗೂ ಬಂತು. ಮಹಾರಾಷ್ಟ್ರದ ಮೊದಲ ಕೊರೊನಾ ರೋಗಿಗಳು ಪತ್ತೆಯಾದದ್ದು ನಾವಿರುವ ಈ ಪುಣೆಯಲ್ಲೇ, ಮಾರ್ಚ್ 9ರಂದು. ಆಮೇಲೆ ಜನತಾ ಕರ್ಫ್ಯೂ, ಲಾಕ್‌ಡೌನ್, ಸೊಸೈಟಿಯ ಗೇಟಿಗೆ ಬೀಗ, ಚೌಕಚೌಕದಲ್ಲೂ ಪೊಲೀಸರು. ಜನರನ್ನು ಹೀಗೆ ಬಲವಂತದಿಂದ ದೂರವಿಡುವ ಹಕ್ಕು ಸರ್ಕಾರಕ್ಕೆ ಇದೆಯೇ ಎಂದು ಆಗ ಎಷ್ಟೋ ಮನೆಗಳಲ್ಲಿ ಚರ್ಚೆ ನಡೆಯಿತು. ಕೆಲವರು 'ಕಟ್ಟುನಿಟ್ಟು ಬೇಕೇ ಬೇಕು' ಎಂದರು, ಕೆಲವರು 'ಇದು ದಬ್ಬಾಳಿಕೆ' ಎಂದರು.

ಈ ಚರ್ಚೆ ಪುಣೆಗೆ ಹೊಸದಲ್ಲ. ಇದೇ ಊರಿನ ಪೇಠೆಗಳಲ್ಲಿ 1897ರಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ರಕ್ತ ಹರಿಯಿತು, ಗಲ್ಲುಶಿಕ್ಷೆಗಳಾದವು, ಒಬ್ಬ ಮಹಾನಾಯಕ ಸೆರೆಮನೆ ಸೇರಿದರು. ಆ ಕಥೆಯನ್ನು ನಾವು ಸಾಮಾನ್ಯವಾಗಿ ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದುತ್ತೇವೆ. ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಯಲ್ಲಿ ಅದನ್ನೇ ಹೆಂಗಸರ ಕಡೆಯಿಂದ ಒಮ್ಮೆ ನೋಡೋಣ.

ರೋಗ ಬಂತು, ಕಾನೂನೂ ಬಂತು

1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವಿಯೇಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಬಂದರಿನ ಬಳಿ ಹಡಗಿನ ಸರಕು, ಧಾನ್ಯದ ಗೋದಾಮು, ಇಕ್ಕಟ್ಟಿನ ಚಾಳುಗಳು. ಇಲಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಜನ ಗಾಬರಿಯಿಂದ ಮುಂಬೈ ಬಿಟ್ಟು ರೈಲು ಹತ್ತಿದರು, ರೋಗವೂ ಅವರ ಜೊತೆಗೇ ಹತ್ತಿತು. ಕೆಲವೇ ತಿಂಗಳಲ್ಲಿ ಪುಣೆಯಲ್ಲಿ ಹೆಣಗಳು ಬೀಳತೊಡಗಿದವು.

ಜ್ವರ, ಜೊತೆಗೆ ತೊಡೆಸಂದಿನಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ. ಇದು ರೋಗದ ಗುರುತು. ಗಡ್ಡೆ ಎಲ್ಲಿ ಏಳುತ್ತದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಕಥೆಗೆಲ್ಲ ಅದೇ ಮೂಲ.

1897ರ ಫೆಬ್ರವರಿ 4ರಂದು ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದಿತು. ಪುಟ್ಟ ಕಾಯ್ದೆ, ನಾಲ್ಕೇ ಕಲಮುಗಳು. ರೋಗ ತಡೆಯಲು ಸರ್ಕಾರಕ್ಕೆ ಏನು ಅಗತ್ಯವೆನಿಸುತ್ತದೋ ಆ ನಿಯಮ ಮಾಡಬಹುದು, ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ಸೋಂಕಿನ ಸಂಶಯವಿರುವವರನ್ನು ಬೇರೆ ಇಡಬಹುದು. ನಿಯಮ ಮೀರಿದವರಿಗೆ ಶಿಕ್ಷೆ ಉಂಟು. ಕಾಯ್ದೆಯಡಿ ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಅಧಿಕಾರವೆಲ್ಲ ಒಂದು ಕಡೆ, ಕೇಳುವ ಹಕ್ಕು ಯಾವ ಕಡೆಯೂ ಇಲ್ಲ.

ಅದೇ ತಿಂಗಳು ಸಾತಾರದಲ್ಲಿದ್ದ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಐ.ಸಿ.ಎಸ್. ಅಧಿಕಾರಿಯನ್ನು ಪುಣೆಯ ಪ್ಲೇಗು ಸಮಿತಿಯ ಅಧ್ಯಕ್ಷನನ್ನಾಗಿ ಮಾಡಲಾಯಿತು. ಮಾರ್ಚ್ 13ರಿಂದ ಮನೆ ಶೋಧನೆ ಶುರುವಾಯಿತು. ಶೋಧನೆಗೆ ಬಂದವರು ವೈದ್ಯರಲ್ಲ, ದಾದಿಯರಲ್ಲ, ಬಹುಪಾಲು ಗೋರಾ ಸಿಪಾಯಿಗಳು. ನೂರಾರು ಸೈನಿಕರು ಓಣಿ ಓಣಿ ಸುತ್ತಿದರು. ರೋಗಿ ಸಿಕ್ಕರೆ ಪ್ಲೇಗಿನ ಆಸ್ಪತ್ರೆಗೆ, ಮನೆಯವರು ಬೇರ್ಪಡಿಕೆ ಶಿಬಿರಕ್ಕೆ. ಹಾಸಿಗೆ ಬಟ್ಟೆ ಬೆಂಕಿಗೆ, ಮನೆಯ ನೆಲ ಅಗೆತ, ಗೋಡೆಗೆ ಸುಣ್ಣ. ಅಡುಗೆಮನೆ, ದೇವರ ಕೋಣೆ ಎನ್ನದೆ ಬೂಟುಗಾಲು ಒಳಗೆ ಬಂತು.

ಕಂಕುಳಲ್ಲಿ ಗಡ್ಡೆ, ಬಾಗಿಲಲ್ಲಿ ಸಿಪಾಯಿ

ಗೆಳತಿಯರೇ, ಈಗ ಆ ಗಡ್ಡೆಯ ವಿಷಯಕ್ಕೆ ಬನ್ನಿ. ಹೆಂಗಸಿಗೆ ಪ್ಲೇಗು ಇದೆಯೋ ಇಲ್ಲವೋ ತಿಳಿಯಬೇಕಾದರೆ ತೊಡೆಸಂದು, ಕಂಕುಳು ನೋಡಬೇಕು. ಪರಗಂಡಸಿನ ಎದುರು ತಲೆಯ ಸೆರಗು ಜಾರದಂತೆ ನೋಡಿಕೊಳ್ಳುತ್ತಿದ್ದ ಕಾಲ ಅದು. ಹೆಂಗಸರ ವಿಷಯದಲ್ಲಿ ಮರ್ಯಾದೆಯಿಂದ ನಡೆದುಕೊಳ್ಳಬೇಕು, ಸ್ಥಳೀಯ ಆಚಾರಗಳಿಗೆ ಅಡ್ಡಿ ಮಾಡಬಾರದು ಎಂಬ ಮಾತು ಸರ್ಕಾರದ ಕಾಗದದಲ್ಲಿ ಇತ್ತು. ಆದರೆ ಹೆಂಗಸರನ್ನು ಬೀದಿಗೆ ಕರೆದು ಎಲ್ಲರೆದುರು ಪರೀಕ್ಷಿಸುತ್ತಾರೆ ಎಂಬ ದೂರು ಊರೆಲ್ಲ ಹರಡಿತು, ಪತ್ರಿಕೆಗಳಲ್ಲೂ ಬಂತು.

ಹೆಂಗಸರ ಮಾನಕ್ಕೆ ಬೇಕೆಂದೇ ಕುಂದು ತಂದ ಬಗ್ಗೆ ನಂಬಬಹುದಾದ ಒಂದು ದೂರೂ ಬಂದಿಲ್ಲ ಎಂಬುದು ರ‍್ಯಾಂಡ್ ಸಮಿತಿಯ ಹೇಳಿಕೆಯಾಗಿತ್ತು. ಇರಬಹುದು. ಆದರೆ ದೂರು ಕೊಡಬೇಕಾದವಳು ಯಾರು? ಕೊಡಬೇಕಾದದ್ದು ಯಾರ ಬಳಿ? ಯಾವ ಭಾಷೆಯಲ್ಲಿ? ಕೊಟ್ಟ ಮೇಲೆ ಆ ಹೆಂಗಸು ಸಂಸಾರದಲ್ಲಿ ತಲೆಯೆತ್ತಿ ಬಾಳುವುದು ಹೇಗೆ? ದೂರು ಬರಲಿಲ್ಲ ಎಂದಮಾತ್ರಕ್ಕೆ ನೋವು ಆಗಲಿಲ್ಲ ಎಂದಲ್ಲ. ಇದು ಇವತ್ತಿನ ಹೆಂಗಸರಿಗೂ ಗೊತ್ತಿರುವ ಸತ್ಯ.

ಈ ಸತ್ಯದ ಬಿಸಿ ತಟ್ಟಿದ್ದು ಗೋಪಾಲಕೃಷ್ಣ ಗೋಖಲೆಯವರಿಗೆ. ಆ ವರ್ಷ ಅವರು ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು ಇಂಗ್ಲೆಂಡಿಗೆ ಹೋಗಿದ್ದರು. ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆಂದು ಅಲ್ಲಿನ ಪತ್ರಿಕೆಗೆ ಹೇಳಿದರು. ಗದ್ದಲವಾಯಿತು. ಊರಿಗೆ ಮರಳಿದಾಗ ಪುರಾವೆ ಕೇಳಿದರು. ಪತ್ರ ಬರೆದವರು ಹೆಸರು ಹೊರಗೆ ಹಾಕಬೇಡಿ ಎಂದು ಹಿಂದೆ ಸರಿದರು. ಗೋಖಲೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆ ಆರೋಪ ನಿಜವೋ ಸುಳ್ಳೋ, ಕೊನೆಗೂ ಸಾಬೀತಾಗಲಿಲ್ಲ. ಯಾವ ಹೆಂಗಸಿಗೂ ತನ್ನ ಮಾತನ್ನು ತಾನೇ ಹೇಳುವ ಜಾಗ ಇರಲಿಲ್ಲ ಎಂಬುದಂತೂ ಸಾಬೀತಾಯಿತು.

ಮಾಳದ ಮಗಳ ಪತ್ರ

ಒಬ್ಬ ಹೆಂಗಸು ಮಾತ್ರ ಹೆಸರು ಹಾಕಿಯೇ ಬರೆದರು. ಅವರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಸಿಟ್ಟಿಗೆ ಗುರಿಯಾಗಿ ಗಂಗಾಮೂಲದ ಕಾಡಿನಲ್ಲಿ ನೆಲೆಸಿದವರು. ಅಲ್ಲಿಯೇ 1858ರಲ್ಲಿ ರಮಾಬಾಯಿ ಹುಟ್ಟಿದರು. ಕನ್ನಡ ಬಲ್ಲ ಈ ವಿದುಷಿ ವಿಧವೆಯರಿಗಾಗಿ ಶಾರದಾ ಸದನವನ್ನು 1889ರಲ್ಲಿ ಮುಂಬೈಯಲ್ಲಿ ತೆರೆದು, ಮರುವರ್ಷ ಪುಣೆಗೆ ತಂದರು.

1897ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ. ಹಸಿದ ಹೆಣ್ಣುಮಕ್ಕಳನ್ನು ರಮಾಬಾಯಿ ಕರೆತರುತ್ತಿದ್ದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧ. ಸದನದಲ್ಲಿ ಹೆಚ್ಚು ಜನರನ್ನು ಇಡುವಂತಿಲ್ಲ. ಅವರು ಆ ಮಕ್ಕಳನ್ನು ಊರಾಚೆ ಕೇಡಗಾಂವದ ಹೊಲಕ್ಕೆ ಕರೆದೊಯ್ದರು. ಮುಂದೆ ಅದೇ ಮುಕ್ತಿ ಸದನವಾಗಿ ಬೆಳೆಯಿತು. ಅಂದರೆ ಅವರು ನಿಯಮವನ್ನು ಪಾಲಿಸಿದರು, ಅಂತರವನ್ನೂ ಒಪ್ಪಿದರು. ಆದರೆ ಪ್ಲೇಗಿನ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ ಎಂಬುದನ್ನು ಮಾತ್ರ ಸುಮ್ಮನೆ ಸಹಿಸಲಿಲ್ಲ. 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಆ ಬಗ್ಗೆ ಬಹಿರಂಗ ಪತ್ರ ಬರೆದರು. ಸರ್ಕಾರ ಅವರ ಮಾತನ್ನು ಅಲ್ಲಗಳೆಯಿತು. ಕ್ರೈಸ್ತ ಧರ್ಮಕ್ಕೆ ಸೇರಿದ್ದಕ್ಕಾಗಿ ಪುಣೆಯ ಸಂಪ್ರದಾಯಸ್ಥರಿಗೆ ರಮಾಬಾಯಿ ಬೇಡವಾಗಿದ್ದರು, ಈಗ ಸರ್ಕಾರಕ್ಕೂ ಬೇಡವಾದರು. ಎರಡೂ ಕಡೆ ಬೇಡವಾದವರೇ ನಿಜ ಹೇಳಬೇಕಾದ ಪ್ರಸಂಗಗಳು ಚರಿತ್ರೆಯಲ್ಲಿ ಬಹಳ.

ಮೂರು ದಿನ ಮೊದಲು

ಸೈನಿಕರ ಶೋಧನೆ ಶುರುವಾದದ್ದು ಮಾರ್ಚ್ 13ರಂದು ಎಂದೆನಲ್ಲ, ಅದಕ್ಕೆ ಮೂರೇ ದಿನ ಮೊದಲು, ಮಾರ್ಚ್ 10ರಂದು, ಸಾವಿತ್ರಿಬಾಯಿ ಫುಲೆ ಇದೇ ಪ್ಲೇಗಿಗೆ ಬಲಿಯಾದರು.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿಯವರನ್ನು ನಾವೆಲ್ಲ ಬಲ್ಲೆವು. ಅವರ ಕೊನೆಯ ತಿಂಗಳುಗಳ ಕೆಲಸ ಅಷ್ಟಾಗಿ ಗೊತ್ತಿಲ್ಲ. ಜ್ಯೋತಿಬಾ ತೀರಿಕೊಂಡು ಆರು ವರ್ಷ ದಾಟಿತ್ತು. ಅರವತ್ತೈದು ದಾಟಿದ ವಯಸ್ಸು. ದತ್ತುಮಗ ಯಶವಂತ ವೈದ್ಯರಾಗಿದ್ದರು. ಇಬ್ಬರೂ ಸೇರಿ ಊರ ಹೊರಗೆ ಬಯಲಿನಲ್ಲಿ ಪ್ಲೇಗಿನ ರೋಗಿಗಳಿಗೆ ಆರೈಕೆಯ ಜಾಗ ಮಾಡಿದರು. ಮುಂಢವಾದ ದಲಿತರ ಕೇರಿಯ ಹುಡುಗನೊಬ್ಬನಿಗೆ ರೋಗ ತಗುಲಿದಾಗ ಅವನನ್ನು ಸಾವಿತ್ರಿಬಾಯಿ ತಾವೇ ಬೆನ್ನ ಮೇಲೆ ಹೊತ್ತು ತಂದರೆಂದು ಹೇಳುತ್ತಾರೆ. ಆ ಆರೈಕೆಯಲ್ಲೇ ಅವರಿಗೂ ರೋಗ ಬಂತು.

ಗಮನಿಸಿ, ಸಾವಿತ್ರಿಬಾಯಿಯವರೂ ರೋಗಿಗಳನ್ನು ಊರಿಂದ ದೂರವೇ ಇಟ್ಟರು. ರ‍್ಯಾಂಡ್ ಮಾಡಿದ್ದೂ ದೂರವಿಡುವ ಕೆಲಸವೇ. ಎರಡರಲ್ಲೂ ಅಂತರವಿದೆ. ಒಂದರಲ್ಲಿ ಅಂತರದ ಜೊತೆ ಅಂತಃಕರಣವಿತ್ತು. ಇನ್ನೊಂದರಲ್ಲಿ ಅಂತರದ ಜೊತೆ ಬಂದೂಕಿತ್ತು. ರೋಗಿಯನ್ನು ಕರೆದುಕೊಂಡು ಹೋಗುವವರು ಯಾರು, ಹೇಗೆ ಕರೆದೊಯ್ಯುತ್ತಾರೆ, ಹೋದ ಮೇಲೆ ಅಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ ಜನ ಬಾಗಿಲು ತೆರೆಯುತ್ತಾರೋ ಅಗುಳಿ ಹಾಕುತ್ತಾರೋ ನಿರ್ಧಾರವಾಗುತ್ತದೆ.

ಪುಣೆಯಲ್ಲಿ ಜನ ಅಗುಳಿ ಹಾಕಿದರು. ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಗುಟ್ಟಾಗಿ ಸಾಗಿಸಿದರು, ಸಾಧ್ಯವಿದ್ದವರು ಊರನ್ನೇ ಬಿಟ್ಟರು. ಬಾಲ ಗಂಗಾಧರ ತಿಲಕರು ಊರು ಬಿಡಲಿಲ್ಲ. ಅವರು ರೋಗ ತಡೆಯುವ ಕ್ರಮಗಳೇ ಬೇಡವೆಂದವರಲ್ಲ. ಹಿಂದೂ ಪ್ಲೇಗು ಆಸ್ಪತ್ರೆ ತೆರೆಯಲು ಮುಂದೆ ನಿಂತರು. ಅವರ ಸಿಟ್ಟು ಕ್ರಮಗಳನ್ನು ನಡೆಸಿದ ರೀತಿಯ ಮೇಲೆ. ಅದನ್ನು 'ಕೇಸರಿ'ಯಲ್ಲಿ ಖಾರವಾಗಿಯೇ ಬರೆದರು.

ಜೂನ್ 22

1897ರ ಜೂನ್ 22. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ಉತ್ಸವ. ಆ ರಾತ್ರಿ ಗಣೇಶಖಿಂಡದ ಗವರ್ನರ್ ಬಂಗಲೆಯ ಸಮಾರಂಭ ಮುಗಿಸಿ ಬರುತ್ತಿದ್ದ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಆಯರ್ಸ್ಟ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಆಯರ್ಸ್ಟ್ ಅಲ್ಲೇ ಸತ್ತ. ರ‍್ಯಾಂಡ್ ಜುಲೈ 3ರಂದು ಸತ್ತ. ದಾಮೋದರ ಚಾಪೇಕರ್ 1898ರ ಏಪ್ರಿಲಿನಲ್ಲಿ ಗಲ್ಲಿಗೇರಿದರು. ಮರುವರ್ಷ ಮೇ ತಿಂಗಳಲ್ಲಿ ಬಾಲಕೃಷ್ಣ, ವಾಸುದೇವ ಮತ್ತು ಅವರ ಗೆಳೆಯ ಮಹಾದೇವ ರಾನಡೆ. ಒಂದೇ ತಾಯಿಯ ಮೂವರು ಮಕ್ಕಳು! ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ 18 ತಿಂಗಳ ಶಿಕ್ಷೆಯಾಯಿತು.

ಅದೇ ದಿನ, ಅದೇ ಉತ್ಸವದ ನೆನಪಿಗೆ, ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಮಗ ಚಿಕ್ಕವನಿದ್ದುದರಿಂದ ಮೈಸೂರು ಸಂಸ್ಥಾನವನ್ನು ರೀಜೆಂಟರಾಗಿ ಆಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಮರುವರ್ಷ, 1898ರಲ್ಲಿ, ಹುಬ್ಬಳ್ಳಿ ಧಾರವಾಡದ ಕಡೆಯೂ ಬೆಂಗಳೂರು ಮೈಸೂರುಗಳಲ್ಲೂ ಪ್ಲೇಗು ಕಾಣಿಸಿಕೊಂಡಿತು. ಸಂಸ್ಥಾನದಲ್ಲೂ ತಪಾಸಣೆ, ಶಿಬಿರ, ಮನೆ ಖಾಲಿ ಮಾಡಿಸುವುದು ಎಲ್ಲ ಇತ್ತು, ಜನರ ಪ್ರತಿಭಟನೆಯೂ ಇತ್ತು. ಆದರೆ ಅದರ ಜೊತೆಗೆ ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಹೋಗಿ ನೆಮ್ಮದಿಯಾಗಿ ಇರಲು ಬಡಾವಣೆಗಳೂ ಬೆಳೆದವು. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳು ತುಂಬಿಕೊಂಡದ್ದು ಪ್ಲೇಗಿನ ನಂತರ. 'ದೂರ ಇರಿ' ಎನ್ನುವವರು ಇರಲು ಜಾಗವನ್ನೂ ತೋರಿಸಬೇಕು ಎಂಬ ಪಾಠ ಆ ಬೀದಿಗಳಲ್ಲಿದೆ.

ಹುಬ್ಬಳ್ಳಿಯಲ್ಲಿ ಮತ್ತೊಂದು ಪಾಠ. ವಾಲ್ಡೆಮರ್ ಹಾಫ್ಕಿನ್ ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದ. 1898ರಲ್ಲಿ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಆ ಸೂಜಿಮದ್ದು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಕಡಿಮೆ ಎಂಬುದನ್ನು ಜನ ಕಣ್ಣಾರೆ ಕಂಡರು.

ಇಲಿ ಓಡುತ್ತಿತ್ತು, ಮನುಷ್ಯನನ್ನು ಹಿಡಿಯುತ್ತಿದ್ದರು

ಇಷ್ಟೆಲ್ಲ ಬಲವಂತದಿಂದ ರೋಗ ನಿಂತಿತೇ? ಇಲ್ಲ. ಮುಂದಿನ ದಶಕಗಳಲ್ಲಿ ಭಾರತದಲ್ಲಿ ಪ್ಲೇಗಿಗೆ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಕಾರಣ ಸರಳ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಆದರೆ ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆ ಎಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಗಡ್ಡೆ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವುದು ಅಪರೂಪ. ಪುಣೆಯ ಸಿಪಾಯಿ ಹೆಂಗಸರ ಕಂಕುಳು ನೋಡುತ್ತಿದ್ದಾಗ ಚಿಗಟ ಹೊತ್ತ ಇಲಿ ಪಕ್ಕದ ಮನೆಗೆ ಓಡುತ್ತಿತ್ತು.

ನಮ್ಮ ಹಳ್ಳಿಗಳ ಜನ ಪುಸ್ತಕ ಓದದೆಯೂ ಒಂದು ಸಂಗತಿ ಕಂಡುಕೊಂಡಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು. ಎಷ್ಟೋ ಹಳೆಯ ಕುಟುಂಬಗಳಲ್ಲಿ 'ಪ್ಲೇಗಿನ ವರ್ಷ ಹೊಲದಲ್ಲಿದ್ದೆವು' ಎಂಬ ಮಾತು ಅಜ್ಜಿಯರ ಬಾಯಲ್ಲಿ ಉಳಿದಿತ್ತು. ಆ ಅಂತರವೇ ಸರಿಯಾದ ಅಂತರ. ಅದು ಮನುಷ್ಯನಿಂದಲ್ಲ, ಇಲಿಯಿಂದ ದೂರ. ಅದನ್ನು ಬಂದೂಕು ಹಿಡಿದು ಯಾರೂ ಮಾಡಿಸಬೇಕಾಗಿರಲಿಲ್ಲ.

ಮುಂಬೈಯಲ್ಲೂ 1898ರ ಮಾರ್ಚ್ 9ರಂದು ನೇಕಾರರ ಮನೆಯ ಹುಡುಗಿಯೊಬ್ಬಳನ್ನು ತಪಾಸಣೆಯವರು ಕರೆದೊಯ್ಯಲು ಹೋದಾಗ ದಂಗೆಯೆದ್ದಿತು. ಅಲ್ಲಿಗೆ ಸರ್ಕಾರಕ್ಕೆ ಬುದ್ಧಿ ಬಂತು ಎನ್ನಬೇಕು. ಆಮೇಲೆ ಬಿಗಿ ಸಡಿಲಾಯಿತು. ಸಮುದಾಯಗಳೇ ನಡೆಸುವ ಆಸ್ಪತ್ರೆಗಳಿಗೆ ಅವಕಾಶ, ಸ್ಥಳೀಯ ಸ್ವಯಂಸೇವಕರ ನೆರವು ಬಂದವು. ಪುಣೆಯಲ್ಲಿ ಗೋಖಲೆಯವರೇ ಪ್ಲೇಗಿನ ಸೇವೆಗೆ ಇಳಿದರು. ಬಲವಂತಕ್ಕೆ ಬಗ್ಗದ ಜನ ತಮ್ಮವರ ಮಾತಿಗೆ ಬಾಗಿಲು ತೆರೆದರು.

ಹಾಗಾದರೆ ಸರ್ಕಾರ ಸುಮ್ಮನಿರಬೇಕೇ?

ಖಂಡಿತ ಇಲ್ಲ. ಪ್ಲೇಗಿಗೂ ಕೊರೊನಾಗೂ ದೊಡ್ಡ ವ್ಯತ್ಯಾಸವಿದೆ. ಕೊರೊನಾ ಉಸಿರಿನಿಂದ ಹರಡಿತು. ಲಕ್ಷಣವಿಲ್ಲದವರಿಂದಲೂ ಹರಡಿತು. ಅಲ್ಲಿ ಜನ ಜನರಿಂದ ದೂರವಿರುವುದಕ್ಕೆ ಅರ್ಥವಿತ್ತು. ನನ್ನ ಮನೆಯ ಮದುವೆಗೆ ಐನೂರು ಜನ ಸೇರುವುದು ನನ್ನ ಇಷ್ಟ ಎಂದು ಹೇಳುವಂತಿಲ್ಲ. ಆ ಐನೂರರಲ್ಲಿ ಯಾರದೋ ಮನೆಯ ಅಜ್ಜ ಅಜ್ಜಿ ಅದರ ಬೆಲೆ ತೆರುತ್ತಾರೆ. ಎಲ್ಲರೂ ತಾವಾಗಿಯೇ ಸರಿದಾರಿಗೆ ಬರುತ್ತಾರೆಂದು ಕಾದು ಕೂತರೆ ಆಸ್ಪತ್ರೆಯ ಹಾಸಿಗೆಗಳು ಅಷ್ಟರಲ್ಲಿ ತುಂಬಿರುತ್ತವೆ. ಆದ್ದರಿಂದ ಸರ್ಕಾರ ನಿಯಮ ಮಾಡಬೇಕು, ಪಾಲಿಸುವಂತೆಯೂ ನೋಡಿಕೊಳ್ಳಬೇಕು.

ಆದರೆ 2020ರಲ್ಲೂ ನಮ್ಮ ಕೈಗೆ ಬಂದದ್ದು ಅದೇ 1897ರ ಕಾಯ್ದೆ. ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಕಟಣೆ, ಹನ್ನೆರಡಕ್ಕೆ ದೇಶವೇ ಬಂದ್. ಸಂಬಳ ಬರುವವರು ಮನೆಯಲ್ಲಿ ಉಳಿದೆವು. ಕಟ್ಟಡ ಕೆಲಸದವರು ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದರು. ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ರಸ್ತೆಯ ಮಣ್ಣುದಿಬ್ಬದ ಆಚೆ ಸಿಕ್ಕಿಕೊಂಡರು. ಅವರಲ್ಲಿ ನಮ್ಮ ಭಾಷೆಯವರೂ ಇದ್ದರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಮನೆಯೊಳಗೆ ಬೀಗ ಬಿದ್ದಾಗ ಹೊಡೆಯುವ ಗಂಡನ ಜೊತೆ ಬೀಗ ಬಿದ್ದವರೂ ಇದ್ದರು. ಕೌಟುಂಬಿಕ ಹಿಂಸೆಯ ದೂರುಗಳು ಹೆಚ್ಚಿದವೆಂದು ರಾಷ್ಟ್ರೀಯ ಮಹಿಳಾ ಆಯೋಗವೇ ಹೇಳಿತು.

ಇನ್ನೊಂದು ಮುಖವೂ ಇದೆ. ಮನೆಮನೆಗೆ ಬಂದು ಜ್ವರ ಕೇಳಿದ ಆಶಾ ಕಾರ್ಯಕರ್ತೆಯರು, ನರ್ಸುಗಳು. ಈ ಬಾರಿ ಬಾಗಿಲು ತಟ್ಟಿದ್ದು ಸಿಪಾಯಿಯ ಬೂಟಲ್ಲ, ನಮ್ಮದೇ ಬೀದಿಯ ಹೆಣ್ಣುಮಗಳ ಚಪ್ಪಲಿ. ಕೆಲವೆಡೆ ಅವರ ಮೇಲೂ ಹಲ್ಲೆಯಾಯಿತು. ಏಪ್ರಿಲ್ 22ರಂದು ಸುಗ್ರೀವಾಜ್ಞೆ ತಂದು ಆರೋಗ್ಯ ಕಾರ್ಯಕರ್ತರ ರಕ್ಷಣೆಗೆ ಹಳೆಯ ಕಾಯ್ದೆಯನ್ನು ತಿದ್ದಬೇಕಾಯಿತು. ದಬ್ಬಾಳಿಕೆ ಯಾವಾಗಲೂ ಸರ್ಕಾರದಿಂದಲೇ ಬರುವುದಿಲ್ಲ ಎಂಬುದನ್ನೂ ನಾವು ಒಪ್ಪಬೇಕು.

ಪುಣೆಯ ಪ್ಲೇಗಿನಿಂದ ಕಲಿಯುವುದಾದರೆ ನಾಲ್ಕು ಮಾತು ಹೇಳಬಹುದು. ನಿಯಮ ಮಾಡುವವರು ಅದರ ಕಾರಣವನ್ನು ಜನರ ಭಾಷೆಯಲ್ಲಿ ಹೇಳಬೇಕು, ಹೊಸದು ತಿಳಿದಂತೆ ನಿಯಮವನ್ನು ಬದಲಿಸುವ ವಿನಯವೂ ಬೇಕು. ಮೈ ಮುಟ್ಟುವ ತಪಾಸಣೆ ಹೆಂಗಸರಿಗೆ ಹೆಂಗಸರಿಂದಲೇ, ಮರೆಯಲ್ಲಿ ಆಗಬೇಕು. 'ಮನೆಯಲ್ಲಿರಿ' ಎನ್ನುವ ಮೊದಲು ಮನೆ ಇಲ್ಲದವರ, ದಿನಗೂಲಿಯವರ ಒಲೆ ಉರಿಯುವ ದಾರಿ ತೋರಿಸಬೇಕು. ಅಧಿಕಾರಿ ಎಷ್ಟೇ ಸದುದ್ದೇಶದವನಾಗಿರಲಿ, ಅವನನ್ನು ಕೇಳುವ ಒಂದು ಜಾಗ ಇರಬೇಕು. ದೂರು ಕೊಟ್ಟ ಹೆಂಗಸಿನ ಹೆಸರು ಕಾಪಾಡುವ ಜಾಗ ಅದಾಗಿರಬೇಕು.

ಪುಣೆಯವರಾದ ನಾವು ದಿನವೂ ಓಡಾಡುವ ಗಣೇಶಖಿಂಡ ರಸ್ತೆ ಈ ಪಾಠವನ್ನು ಹಾಗೆಯೇ ಹಿಡಿದಿಟ್ಟಿದೆ. ಆ ರಾತ್ರಿ ರ‍್ಯಾಂಡ್ ಹೊರಟು ಬಂದ ಗವರ್ನರ್ ಬಂಗಲೆ ಈಗ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ಆ ವಿಶ್ವವಿದ್ಯಾಲಯಕ್ಕೆ 2014ರಿಂದ ಸಾವಿತ್ರಿಬಾಯಿ ಫುಲೆಯವರ ಹೆಸರು. ಪ್ಲೇಗಿನ ವರ್ಷ ಊರನ್ನು ಆಳಿದ ಅಧಿಕಾರಿಯ ಹೆಸರು ಇತಿಹಾಸದ ಪುಸ್ತಕದಲ್ಲಿ ಉಳಿಯಿತು. ರೋಗಿಯ ಮಗ್ಗುಲಲ್ಲಿ ಕೂತ ತಾಯಿಯ ಹೆಸರು ನಮ್ಮ ಮಕ್ಕಳು ಓದುವ ವಿಶ್ವವಿದ್ಯಾಲಯದ ಹೆಬ್ಬಾಗಿಲಲ್ಲಿ ಉಳಿಯಿತು.